ಮೈಮೇಲೆ ಬಂದದ್ದು

ಜುಗೂಳದಲ್ಲಿ ಕುರಿ ಕಾಯುವ ಮಲಕಾರಿಯ ಮನೆತನಕ್ಕೆ ಒಂದು ಸೇವೆ ಇದೆ. ದೊಡ್ಡ ಅಮಾವಾಸ್ಯೆಗಳಂದು ಬೀರಪ್ಪನ ಗುಡಿಯ ಮುಂದೆ, ಡೊಳ್ಳಿನ ಪೆಟ್ಟಿಗೆ ಸರಿಯಾಗಿ, ಮನೆಯ ಹಿರಿಯ ತನ್ನ ಬತ್ತಲೆ ಹೊಟ್ಟೆಗೆ ತಾನೇ ಖಡ್ಗದಿಂದ ಹೊಡೆದುಕೊಳ್ಳಬೇಕು. ಮೂವತ್ತು ವರ್ಷ ಮಲಕಾರಿ ಹೊಡೆದುಕೊಂಡ. ಭಂಡಾರದ ಅರಿಸಿನ ಮೆತ್ತಿದ ಚರ್ಮ ಬಿರಿದು ರಕ್ತ ಇಳಿದರೂ ಯಾರೂ ಒರೆಸುವಂತಿಲ್ಲ. ಹೋದ ದೀಪಾವಳಿಗೆ ಐದನೆಯ ಏಟಿಗೇ ನಿಂತಲ್ಲಿ ಕುಸಿದುಬಿದ್ದ. ಜನ ಕೈಮುಗಿದರು. ದೇವರು ಮೈಮೇಲೆ ಬಂದ ಎಂದು ಅವನ ತಮ್ಮ ಭರಮು ಕಾಲಿಗೆ ಬಿದ್ದ. ಯುಗಾದಿಗೂ ಹಾಗೆಯೇ ಆಯಿತು. ಮೂರನೆಯ ಸಲ ದೇವರು ಬಾಯಿಬಿಟ್ಟು ನುಡಿಯುತ್ತಾನೆಂದು ಊರು ಕಾಯತೊಡಗಿತು.

ಹೆಂಡತಿ ಅನುಸೂಯಾ ಬೇರೆಯದನ್ನು ಕಂಡಿದ್ದಳು. ಕುರಿಗಳ ಹಿಂದೆ ದಿಬ್ಬ ಹತ್ತುವಾಗ ಗಂಡ ಎದೆ ಒತ್ತಿಕೊಂಡು ಕೂರುತ್ತಿದ್ದ. ಹಟ ಹಿಡಿದು ಮಿರಜಿನ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರು ಎದೆಯ ಎಕೋ ಪರೀಕ್ಷೆ ಮಾಡಿ, ಎಷ್ಟು ಸಲ ಎಚ್ಚರ ತಪ್ಪಿದೆ ಎಂದು ಕೇಳಿದರು.

"ಎಚ್ಚರ ತಪ್ಪಿಲ್ಲರಿ. ದೇವರು ಬಂದಿದ್ದ," ಎಂದ ಮಲಕಾರಿ.

ಡಾಕ್ಟರು ನಗಲಿಲ್ಲ. ಎದೆಯಿಂದ ಮೈಗೆಲ್ಲ ರಕ್ತ ಬಿಡುವ ಬಾಗಿಲಿಗೆ ಸುಣ್ಣ ಕಟ್ಟಿದೆ, ಹೆಬ್ಬೆರಳು ತೂರುವಷ್ಟು ಇರಬೇಕಾದದ್ದು ಪೆನ್ಸಿಲ್ಲಿನಷ್ಟು ಉಳಿದಿದೆ ಎಂದರು. ಬೇನೆಯ ಕೊನೆಯ ಮೆಟ್ಟಿಲು ಇದೇ. ಎಚ್ಚರ ತಪ್ಪಲು ಶುರುವಾದ ಮೇಲೆ ಬಾಗಿಲು ಬದಲಿಸದಿದ್ದರೆ ಮೂರು ವರ್ಷ ದಾಟುವವರು ಕಡಿಮೆ. ಬದಲಿಸಿದರೆ ಬಹಳ ಮಂದಿ ಮೊದಲಿನ ಹಾಗೆ ಬದುಕುತ್ತಾರೆ.

"ದೇವರ ಮಾತು ನನಗ ತಿಳಿಯೂದಿಲ್ಲ," ಎಂದರು. "ಆದರ ಈ ಬ್ಯಾನಿ ಡೊಳ್ಳಿನ ದಾರಿ ಕಾಯೂದಿಲ್ಲ. ಓಡಿದ್ರೂ ಬರತೈತಿ, ಸಿಟ್ಟಿಗೆದ್ರೂ ಬರತೈತಿ."

ಮಲಕಾರಿ ಒಪ್ಪಲಿಲ್ಲ. ಇದು ಬೇನೆಯಾದರೆ ತನ್ನ ಕಾಲಿಗೆ ಬಿದ್ದ ಊರಿಗೆ ಏನು ಹೇಳುವುದು?

ಮಹಾಲಯ ಅಮಾವಾಸ್ಯೆ ಬಂತು. ಹಿಂದಿನ ದಿನ ಮುಂಜಾನೆ ಅನುಸೂಯಾ ಖಡ್ಗವನ್ನು ಜೋಳದ ಕಣಕಿಯ ಬಣವೆಯೊಳಗೆ ಬಚ್ಚಿಟ್ಟಳು. ಮಸೆಯಲು ಬಂದ ಭರಮು ದೇವರಗೂಡು ಬರಿದಾಗಿದ್ದು ಕಂಡು, ಅತ್ತಿಗೆ ಇದ್ದ ಕುರಿಹಟ್ಟಿಗೆ ನುಗ್ಗಿದ.

"ಖಡ್ಗ ಎಲ್ಲಿ ಐತಿ, ವೈನಿ?"

"ಕೊಡೂದಿಲ್ಲ. ನಿಮಗ ದೇವರು ಬೇಕು, ನನಗ ಗಂಡ ಬೇಕು."

ಭರಮು ಕುರಿಕೋಲು ಬೀಸಿದ. ಮೊದಲ ಪೆಟ್ಟು ಅವಳ ಹೆಗಲಿಗೆ ಬಿತ್ತು. ಎರಡನೆಯದಕ್ಕೆ ಅವಳು ಅಡ್ಡ ಹಿಡಿದ ಮುಂಗೈ ಲಟಕ್ಕನೆ ಮುರಿದು, ಬಳೆಯ ಚೂರು ಮಾಂಸಕ್ಕೆ ನಟ್ಟಿತು. ಕುರಿಗಳು ಬೇಲಿ ಕೆಡವಿಕೊಂಡು ಓಡಿದವು. ಅವಳ ಕಣ್ಣು ಬಣವೆಯತ್ತ ಹೊರಳಿತು; ಭರಮು ಅದನ್ನು ಸೀಳಿ ಖಡ್ಗ ಹಿರಿದ.

ಸದ್ದು ಕೇಳಿ ಬಂದ ಮಲಕಾರಿ ಹೆಂಡತಿಯ ಜೋತುಬಿದ್ದ ಕೈ ನೋಡಿದ. ತಮ್ಮನ ಹೊಟ್ಟೆಗೆ ಒದ್ದು ಕೆಡವಿ, ಖಡ್ಗ ಕಿತ್ತುಕೊಂಡು, ಎದೆಯ ಮೇಲೆ ಕಾಲಿಟ್ಟ. ಎರಡೂ ಕೈಯಿಂದ ಖಡ್ಗ ಎತ್ತಿದ. ಆ ಕುತ್ತಿಗೆ ಕಡಿಯುವುದೊಂದೇ ಅವನ ಕಣ್ಣೊಳಗಿತ್ತು.

ಖಡ್ಗ ಇಳಿಯಲಿಲ್ಲ. ಮಲಕಾರಿ ಮರ ಉರುಳಿದಂತೆ ಹಿಂದಕ್ಕೆ ಬಿದ್ದ. ಅಲಗು ಅವನ ತೊಡೆಯನ್ನೇ ಸೀಳಿ ಕುರಿಹಿಕ್ಕೆ ತುಂಬಿದ ನೆಲದಲ್ಲಿ ನಟ್ಟು ನಿಂತಿತು.

ಮಲಕಾರಿ ಕಣ್ಣು ತೆರೆದಾಗ ಭರಮು ಮುಷ್ಟಿಯಲ್ಲಿ ಭಂಡಾರ ಹಿಡಿದು ಅವನ ಹಣೆಗೆ ಹಚ್ಚಲು ಬಾಗಿದ್ದ. ದೇವರು ಮೂರನೆಯ ಸಲ ಬಂದಾನ, ಎನ್ನುತ್ತಿದ್ದ. ಮಲಕಾರಿ ಆ ಕೈ ಸರಿಸಿದ.

"ನಿನ್ನ ಕಡಿಯಾಕ ಎತ್ತಿದ್ನೆಲೇ, ಭರಮು. ಒಡಹುಟ್ಟಿದವನ ಕೊಲ್ಲೂ ಹೊತ್ತಿನ್ಯಾಗ ಬೀರಪ್ಪ ನನ್ನ ಮೈಯಾಗ ಬರ್ತಾನೇನು?"

ಭರಮು ವೈನಿಯ ಕೈ ನೋಡಿದ, ಅಣ್ಣನ ತೊಡೆ ನೋಡಿದ. ಮುಷ್ಟಿಯೊಳಗಿನ ಭಂಡಾರ ಹಿಕ್ಕೆಯ ಮೇಲೆ ಉದುರಿತು. ತಲೆಗೆ ಸುತ್ತಿದ್ದ ಪಟಗ ಹರಿದು ಒಂದು ತುಂಡಿನಿಂದ ತೊಡೆ ಕಟ್ಟಿದ, ಇನ್ನೊಂದರಿಂದ ಮುರಿದ ಕೈಯನ್ನು ಕೊರಳಿಗೆ ತೂಗುಕಟ್ಟಿದ. ಖಡ್ಗ ತೊಳೆದು ಗುಡಿಯಲ್ಲಿ ಬೀರಪ್ಪನ ಪಾದಕ್ಕೆ ಒರಗಿಸಿಟ್ಟು ಬಂದು, ಇಬ್ಬರನ್ನೂ ಟಂಟಂ ಆಟೋದಲ್ಲಿ ಹತ್ತಿಸಿಕೊಂಡು ಮಿರಜಿಗೆ ಹೊರಟ.

ಡಾಕ್ಟರು ಮತ್ತೆ ಅದೇ ಪ್ರಶ್ನೆ ಕೇಳಿದರು. ಮಲಕಾರಿ ಮನಸ್ಸಿನಲ್ಲಿ ಬೀರಪ್ಪನಿಗೆ ಕೈಮುಗಿದು ಹೇಳಿದ:

"ಮೂರು ಸಲ ಎಚ್ಚರ ತಪ್ಪೈತ್ರಿ."