ಸಕ್ರವ್ವಕ್ಕನ ಬಯಕೆ ಬುತ್ತಿ

ಬರ ಕಳೆದು ಎರಡನೆಯ ಸುಗ್ಗಿ, ಎಪ್ಪತ್ತೈದರ ಮಾಘ. ನಿಡೋಣಿಯ ನಮ್ಮ ಮನೆಯಲ್ಲಿ ನನ್ನ ಹಿರಿಯ ನೆಗೆಣ್ಣಿ, ಭಾವನ ಹೆಂಡತಿ ಸಕ್ರವ್ವಕ್ಕ ಬಸುರಾಗಿದ್ದಾಳೆ ಎಂದು ಅತ್ತೆ ದುಂಡವ್ವ ತೀರ್ಮಾನಿಸಿಬಿಟ್ಟರು. ಅಕ್ಕನಿಗೆ ನಲವತ್ತಾರು, ಆಕೆಯ ಹಿರಿಮಗಳಿಗೇ ಎರಡು ಮಕ್ಕಳು. ಆದರೂ ಮೂರು ತಿಂಗಳಿಂದ ಮುಟ್ಟಾಗಿರಲಿಲ್ಲ. ಚಳಿಯಲ್ಲೂ ಮೈ ಕಾದು ಬೆವರುತ್ತಿತ್ತು, ಒಲೆ ಮುಂದೆ ಕೂತರೆ ಕಣ್ಣು ಕತ್ತಲೆ ಬರುತ್ತಿತ್ತು. ಅತ್ತೆಗೆ ಇಷ್ಟು ಸಾಕು.

ಅಂದಿನಿಂದ ಅಕ್ಕನಿಗೆ ಒಲೆ ಬಂದ್. ಬಸುರಿಯ ಬಾಯಿ ಬಯಸುತ್ತದೆಂದು ಓಣಿಯವರು ಬುತ್ತಿ ಹೊತ್ತು ತಂದರು. ಮಾಬುಬಿಯ ಮನೆಯಿಂದ ಶೇಂಗಾ ಹೋಳಿಗೆ, ರಾಚವ್ವನ ಮನೆಯಿಂದ ಕರಿಗಡುಬು. ಅಕ್ಕ ಕಟ್ಟೆಯ ಮೇಲೆ ಗಾಳಿಗೆ ಕೂತು ತಿನ್ನುವಳು, ಮನೆಮಂದಿಯ ರೊಟ್ಟಿಯೆಲ್ಲ ಬಡಿಯುವವಳು ನಾನು! ಬಸಿರು ಆಕೆಯದು, ಬ್ಯಾನೆ ನನ್ನದು.

ಹೊಟ್ಟೆ ಮಾತ್ರ ಏಳಲಿಲ್ಲ. ಭಾವ ರೇವಪ್ಪ ಹೇಳಿದ್ದಕ್ಕೆ ಅಕ್ಕ, ನಾನು ಇಬ್ಬರೂ ಬಸ್ಸು ಹತ್ತಿ ವಿಜಾಪುರಕ್ಕೆ ಹೋದೆವು. ಸ್ಟೇಷನ್ ರಸ್ತೆಯ ಲೇಡಿ ಡಾಕ್ಟರು ಪರೀಕ್ಷೆ ಮಾಡಿ ನಕ್ಕರು.

"ಬಸುರಲ್ಲವ್ವಾ. ಮುಟ್ಟು ನಿಲ್ಲೂ ಕಾಲ ಸುರು ಆಗೇತಿ. ಒಂದ ತಿಂಗಳ ತಪ್ತದ, ಮತ್ತ ಬರ್ತದ. ಮೈ ಕಾಯ್ತದ, ನಿದ್ದಿ ಹೋಗ್ತದ, ಸಿಟ್ಟು ಬರ್ತದ. ರೋಗ ಅಲ್ಲ, ಆದ್ರ ತ್ರಾಸಂತೂ ಖರೆ. ಬೆಂಕಿ ಮುಂದ ಕೂಡೂದು ಕಡಿಮಿ ಮಾಡು. ರಕ್ತ ವಿಪರೀತ ಹೋದ್ರ ತಡಾ ಮಾಡದ ಬಾ."

ಮರಳುವ ಬಸ್ಸಿನಲ್ಲಿ ಅಕ್ಕ ನನ್ನ ಕೈ ಹಿಡಿದಳು. "ಸಾವಂತ್ರೀ, ಮನ್ಯಾಗ ಹೇಳಬ್ಯಾಡವಾ. ಬಸುರಲ್ಲ ಅಂದ್ರ ನಾಳಿಂದ ಒಲಿ ಮುಂದ ಕುಂದ್ರಸ್ತಾರ. ನನ್ನ ಕೈಲೆ ಆಗೂದಿಲ್ಲ."

ಬಾಯಿ ಮುಚ್ಚಿದರೆ ರೊಟ್ಟಿ ನನ್ನ ಪಾಲಿಗೇ, ಬಾಯಿ ಬಿಟ್ಟರೆ ಆಕೆ ಬೇಯುತ್ತಾಳೆ. ಹೂಂ ಅಂದೆ.

ಆದರೆ ಅತ್ತೆ ಹೊಸ್ತಿಲಲ್ಲೇ ಕೇಳಿದಾಗ ಅಕ್ಕನಿಗೇ ಸುಳ್ಳು ಬರಲಿಲ್ಲ. ಅಳುತ್ತ ಎಲ್ಲ ಹೇಳಿದಳು. "ಮಂದಿ ಬುತ್ತಿ ತಿಂದು ಕುಂತೇನ್ರಿ ಅತ್ತಿ, ಹೆಂಗ ತಿರಗಿ ಕೊಡ್ಲಿ?"

ಅತ್ತೆ ಆಕೆಯ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿದರು. "ನನಗೂ ಹಿಂಗ ಸುಡತಿತ್ತು. ದೆವ್ವ ಬಡದೈತಿ ಅಂತ ನಿಮ್ಮ ಮಾವ ಬೇವಿನ ಟೊಂಗಿಲೆ ಹೊಡಿಸಿದ. ಒಂದ ವಾಟಿ ಮಜ್ಜಿಗಿ ಕೊಟ್ಟವರಿಲ್ಲ." ಆಮೇಲೆ ಭಾವನ ಕಡೆ ತಿರುಗಿದರು. "ರೇವಪ್ಪಾ, ಈ ಕಾಲ ಮುಗಿಯೂತನಕ ಅಕಿ ಒಲಿ ಮುಂದ ಕೂಡಂಗಿಲ್ಲ. ಬಾಂವಿ ನೀರೂ ನೀನ ತಾ."

"ಎಷ್ಟ ದಿನಾರಿ ಅತ್ತಿ?" ನನ್ನ ಬಾಯಿ ಸುಮ್ಮನಿರಬೇಕಲ್ಲ!

"ಎರಡು ವರ್ಷನೋ, ನಾಕು ವರ್ಷನೋ. ಯಾರಿಗ್ಗೊತ್ತು?"

ಒಂಬತ್ತು ತಿಂಗಳೆಂದು ಹಲ್ಲು ಕಚ್ಚಿ ಕೂತವಳಿಗೆ ನಾಲ್ಕು ವರ್ಷ! ತಲೆಗೆ ಕೈ ಹಚ್ಚಿದೆ.

ಅಕ್ಕ ಕಣ್ಣೊರೆಸಿಕೊಂಡು ನಕ್ಕಳು. "ನಿನಗೂ ಈ ಕಾಲ ಬರ್ತದಲ್ಲ, ಆವಾಗ ನಿನ್ನ ಪಾಲಿನ ರೊಟ್ಟಿ ನಾ ಬಡೀತೇನಿ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನಗೂ ಒಬ್ಬಳಿದ್ದಾಳೆ ಎಂದು ಮನಸ್ಸು ತಂಪಾಯಿತು. ಹಿಟ್ಟು ನಾದಲು ಕೂತೆ. ಎಂದೂ ಇಲ್ಲದ್ದು, ಅತ್ತೆ ಅಂದು ನನ್ನ ಪಕ್ಕಕ್ಕೆ ಬಂದು ಕೂತು, ರೊಟ್ಟಿ ಬೇಯಿಸತೊಡಗಿದರು.