ಕೊಡ್ಲಿ ಧಾಟಿ

ಶಹಾಬಾದಿನ ಅಮೀರ್ ಅಲಿಗೆ ಸಿಟ್ಟು ಮೂಗಿನ ತುದಿಯಲ್ಲಿ, ಕ್ಲಾರಿನೆಟ್ಟು ಮೂಗಿನ ಕೆಳಗೆ. ಎರಡರಲ್ಲಿ ಯಾವುದು ಮೊದಲು ಹೊರಡುತ್ತದೆಂದು ಅವನ ಬ್ಯಾಂಡಿನವರಿಗೇ ತಿಳಿಯುತ್ತಿರಲಿಲ್ಲ. ಆದರೂ ಚಿತ್ತಾಪುರದಿಂದ ಚಿಂಚೋಳಿಯ ತನಕ ಮದುವೆ ಎಂದರೆ ಜನ ಅವನ ಮನೆಯ ಬಾಗಿಲು ಬಡಿಯುತ್ತಿದ್ದರು. ಹೆಣದ ಮುಂದೆ ಮಾತ್ರ ಅವನು ಬಾರಿಸುತ್ತಿರಲಿಲ್ಲ. ಯಾರಾದರೂ ಕರೆದರೆ, "ನಾ ಕೂಡಸಾಂವ ಅದೀನಿ, ಕಳಸಾಂವ ಅಲ್ಲ" ಎಂದು ಬೈದು ಕಳಿಸುತ್ತಿದ್ದ.

ಅವನ ಹತ್ತಿರ ಸ್ವಂತದ್ದು ಎನ್ನುವ ಧಾಟಿ ಒಂದೇ ಒಂದಿತ್ತು. ನಿಖಾ ಆದ ವರ್ಷ ಜಗಳ ಮಾಡಿಕೊಂಡು ಹೆಂಡತಿ ತಾಜುನ್ನಿಸಾ ತವರೂರು ಕೊಡ್ಲಿಗೆ ಹೋಗಿ ಕುಳಿತಳು. ಕ್ಷಮೆ ಕೇಳಲು ಇವನ ನಾಲಿಗೆ ಏಳದು. ಮಾವನ ಮನೆಯ ಎದುರಿನ ಬೇವಿನ ಗಿಡದ ಕೆಳಗೆ ನಿಂತು, ಹಾದಿಯಲ್ಲಿ ಹೊಳೆದ ಒಂದು ಧಾಟಿಯನ್ನು ಬಾರಿಸತೊಡಗಿದ. ಕುಣಿಯುವ ಧಾಟಿ ಅದು, ಓಡಿ ಬಂದು ತಟಕ್ಕನೆ ನಿಂತು ಮತ್ತೆ ಓಡುವಂಥದು. ಊರ ಹುಡುಗರೆಲ್ಲ ಸೇರಿದರು. ಒಳಗಿನಿಂದ ತಾಜುನ್ನಿಸಾ ನಕ್ಕುಕೊಂಡೇ ಹೊರಬಂದಳು. "ಸಾಕು ಮಾಡ್ರಿ, ಬರ್ತೀನಿ. ಆದರ ಈ ಹಾಡು ನಂದು" ಎಂದಳು. "ನಿಂದೇ" ಎಂದ ಅಮೀರ್ ಅಲಿ. ಬ್ಯಾಂಡಿನವರು ಅದಕ್ಕೆ ಕೊಡ್ಲಿ ಧಾಟಿ ಎಂದು ಹೆಸರಿಟ್ಟರು.

ಆ ಕಾಲಕ್ಕೇ ಕಲ್ಲುಗಣಿಯ ಮಾಲೀಕರ ಮಗ ಹಣಮಂತರಾಯ ಹೈದರಾಬಾದಿನಲ್ಲಿ ಓದು ಬಿಟ್ಟು ಊರಿಗೆ ಬಂದ. ಹೆಗಲ ತನಕ ಕೂದಲು, ಬೀದಿ ಗುಡಿಸುವಷ್ಟು ಅಗಲದ ಪ್ಯಾಂಟು, ಕೈಯಲ್ಲೊಂದು ಗಿಟಾರು. ಟ್ರಂಕಿನ ತುಂಬ ವಿಲಾಯತಿ ಬ್ಯಾಂಡುಗಳ ರೆಕಾರ್ಡು. ನಾಲ್ಕು ನಾಲ್ಕು ಮಂದಿ ಹುಡುಗರು ಕೂಡಿ ಹಾಡಿದ್ದವು ಅವು. ರಾಯನ ಪಡಸಾಲೆಯಲ್ಲಿ ಅವನ್ನು ಕೇಳುವಾಗ, ಒಬ್ಬನ ದನಿಯ ಮೇಲೆ ಇನ್ನೊಬ್ಬನ ದನಿ ಬಂದು ಕುಳಿತರೆ ಅಮೀರ್ ಅಲಿಯ ಮೈ ಜುಮ್ಮೆನ್ನುತ್ತಿತ್ತು. ಭಾಷೆ ಅವನಿಗೆ ಒಂದಕ್ಷರ ತಿಳಿಯದು, ಧಾಟಿ ಎಲ್ಲ ತಿಳಿಯುತ್ತಿತ್ತು. ರಾಯ ಅವನನ್ನು ಉಸ್ತಾದ ಎನ್ನುತ್ತಿದ್ದ, ಪಕ್ಕದಲ್ಲೇ ಕೂಡಿಸಿಕೊಳ್ಳುತ್ತಿದ್ದ. ಒಂದು ದಿನ ಟೇಪ್ ರೆಕಾರ್ಡರಿನ ಮುಂದೆ ಕೊಡ್ಲಿ ಧಾಟಿ ಬಾರಿಸೆಂದ. "ಬರೇ ನಾ ಕೇಳಾಕ, ಉಸ್ತಾದ." ಹೊಗಳಿದರೆ ಅಮೀರ್ ಅಲಿ ಹೊನ್ನಶೂಲಕ್ಕೂ ಏರುವವನೇ. ಎರಡು ಸಲ ಬಾರಿಸಿದ.

ರಾಯ ಮುಂಬಯಿಗೆ ಹೋದ. ಅವನ ಸುದ್ದಿ ಮತ್ತೆ ಸಿಕ್ಕಿದ್ದು ಎಪ್ಪತ್ತೈದರಲ್ಲಿ, ವಾಡಿ ಸ್ಟೇಷನ್ನಿನ ಹೊರಗಿನ ಚಹಾದ ಹೋಟೆಲಿನಲ್ಲಿ. ಮದುವೆ ಮುಗಿಸಿ ಬ್ಯಾಂಡಿನವರೆಲ್ಲ ಬಂಡಿ ಕಾಯುತ್ತ ಕುಳಿತಿದ್ದರು. ಹೋಟೆಲಿನವನು ಹೊಸ ರೆಕಾರ್ಡು ಹಾಕಿದ. ಡೋಲು ಬಾರಿಸುವ ಅಂಬರಾಯ ಚಹಾದ ಬಶಿ ಕೆಳಗಿಟ್ಟು, "ಉಸ್ತಾದ, ಇದು ನಮ್ಮ ಕೊಡ್ಲಿ ಧಾಟಿ ಅಲ್ಲೇನ್ರಿ?" ಎಂದ.

ಅದೇ. ಗಿಟಾರಿನ ಮೇಲೆ ಓಡಿ ಬಂದು, ತಟಕ್ಕನೆ ನಿಂತು, ಮತ್ತೆ ಓಡುತ್ತಿತ್ತು. ಕನ್ನಡ ಮಾತು, ವಿಲಾಯತಿ ಚಪ್ಪಾಳೆ, ಮೂರು ದನಿ ಒಂದಾಗಿ ಮೇಲೇರುತ್ತಿದ್ದವು. ಭಾಳ ಚೆಂದ ಮಾಡಿದ್ದ ಸೂಳೆಮಗ. ಅದೇ ಅಮೀರ್ ಅಲಿಯ ಹೊಟ್ಟೆಗೆ ಬೆಂಕಿ ಇಟ್ಟಿತು. ರೆಕಾರ್ಡಿನ ಹೊದಿಕೆಯ ಮೇಲೆ ರಾಯ ಮೂವರು ಹುಡುಗರ ನಡುವೆ ಹಲ್ಲು ಕಿರಿದು ನಿಂತಿದ್ದ. ಹೋಟೆಲಿನವನು ಓದಿ ಹೇಳಿದ: ಎಲ್ಲ ಹಾಡುಗಳ ಧಾಟಿ, ರಾಯ್.

ರಾಯ ಊರಿಗೆ ಬಂದದ್ದು ತಿಳಿದದ್ದೇ ಅಮೀರ್ ಅಲಿ ಅವನ ಪಡಸಾಲೆಗೆ ಹೋಗಿ ನಿಂತ. ಈ ಸಲ ಕುಂದ್ರು ಎನ್ನಲಿಲ್ಲ.

"ನನ್ನ ಹೆಸರು ಹಾಕಸ್ರಿ ರಾಯರ. ಮತ್ತೇನೂ ಬ್ಯಾಡ."

"ನೀ ಮದುವ್ಯಾಗ ಬಾರಸೋದೆಲ್ಲ ಸಿನಿಮಾದ್ದು. ಯಾರಿಗಾದರೂ ಕೇಳಿ ಬಾರಸ್ತಿ ಏನು?" ರಾಯ ನಕ್ಕ. "ಧಾಟಿ ಅಂದ್ರ ಊರ ಬಾವಿ ನೀರು ಇದ್ದಂಗ. ಸೇದಿದಾಂವಂದು. ಹೋಗು, ಬ್ಯಾಂಡಿನಾಂವ ಬ್ಯಾಂಡಿನಾಂವನಂಗ ಇರು."

ಅಮೀರ್ ಅಲಿ ಪಡಸಾಲೆ ಇಳಿದು ಬಂದ. ಉತ್ತರ ಹೊಳೆದದ್ದು ಮೂರನೆಯ ದಿನ, ರಾವೂರಿನಿಂದ ಒಬ್ಬ ಮುದಿ ಗೌಡರ ಹೆಣಕ್ಕೆ ಬ್ಯಾಂಡು ಕೇಳಿಕೊಂಡು ಜನ ಬಂದಾಗ. ಬೈಯಲು ಬಾಯಿ ತೆರೆದವನು ಹಾಗೇ ನಿಂತ. ಊರ ಬಾವಿ ಅಲ್ಲವೇ? ಹಾಗಾದರೆ ಅದರಲ್ಲಿ ಏನು ಬೇಕಾದರೂ ತೊಳೆಯಬಹುದು.

"ನಡೀರಿ, ಬರ್ತೀವಿ" ಎಂದ. ಅಂಬರಾಯನ ಕೈಯಿಂದ ಡೋಲಿನ ಕೋಲು ಜಾರಿತು.

ರಾವೂರಿನಲ್ಲಿ ಕೊಡ್ಲಿ ಧಾಟಿಯ ಕಾಲು ಮುರಿದ ಅಮೀರ್ ಅಲಿ. ಓಡುವ ಕಡೆ ನಡೆಸಿದ, ನಿಲ್ಲುವ ಕಡೆ ಅಳುವಂತೆ ಎಳೆದ. ಗೌಡರ ಸೊಸೆಯರು ಎದೆ ಎದೆ ಬಡಿದುಕೊಂಡರು. ಹತ್ತು ಹಳ್ಳಿಯ ಬೀಗರು ಅದನ್ನು ಕೇಳಿ ಹೋದರು. ಬ್ಯಾಂಡಿನವರಿಗೆ ಒಬ್ಬರದನ್ನೊಬ್ಬರು ಎತ್ತಿಕೊಳ್ಳುವುದು ಹುಟ್ಟುಗುಣ. ಆಡಕಿಯವರು ಕಲಿತರು, ಸೇಡಂನವರು ಕಲಿತರು. ವರ್ಷ ತುಂಬುವುದರೊಳಗೆ ಆ ಧಾಟಿ ಇಲ್ಲದೆ ಹಿರಿಯರ ಹೆಣ ಅಂಗಳ ದಾಟದಂತಾಯಿತು. ಅದು ದೂರದಿಂದ ಕೇಳಿದರೆ ಸಾಕು, ಅಂಗಡಿಯವರು ಅರ್ಧ ಬಾಗಿಲು ಎಳೆಯುತ್ತಿದ್ದರು. ಹೆಣದ ಮೇಲೆ ತೂರಲು ಹೆಂಗಸರು ಚುರುಮುರಿ ಹಿಡಿದು ಕಟ್ಟೆಗೆ ಬರುತ್ತಿದ್ದರು. ರಾಯನ ರೆಕಾರ್ಡು ಮುಂಬಯಿ ಬೆಂಗಳೂರುಗಳಲ್ಲಿ ಎಷ್ಟು ತಿರುಗಿದರೂ ಇಲ್ಲಿ ಅದನ್ನು ಕೇಳಿದವರು ಬೆರಳೆಣಿಕೆಯಷ್ಟು. ಸಾವು ಮಾತ್ರ ಎಲ್ಲರ ಮನೆಗೂ ಬರುತ್ತಿತ್ತು.

ಹೆಣದ ಮುಂದೆ ಅದನ್ನು ತಾಜುನ್ನಿಸಾ ಮೊದಲನೇ ಸಲ ಕೇಳಿದ ದಿನ ಒಲೆಯ ಮುಂದಿನಿಂದ ಎದ್ದು ಬಂದಳು.

"ಅದು ನಂದು. ಹೆಣಕ್ಯಾಕ ಕೊಟ್ರಿ?"

"ಸ್ವಲ್ಪ ತಡಿ. ಎಲ್ಲಾರ ಮುಂದ ಅವನ ಬಾಯಿಲೇ 'ಇದು ಅಮೀರ್ ಅಲಿದು' ಅನಸ್ತೀನಿ. ಅಂದ ದಿನ ನಿನಗ ತಿರುಗಿ ಕೊಡ್ತೀನಿ, ಮೊದಲಿನಂಗ."

ಅವಳು ನಂಬಿದಳು. ಹೆಣದ ಮೆರವಣಿಗೆ ಓಣಿಗೆ ಬಂದಾಗಲೆಲ್ಲ ಕಿಟಕಿ ಮುಚ್ಚಿಕೊಂಡು ಕಾಯ್ದಳು.

ನಡುವೆ ರಾಯನ ಅಪ್ಪ ತೀರಿಕೊಂಡ. ರಾಯ ಕಲಕತ್ತೆಯಲ್ಲಿ ಹಾಡುತ್ತಿದ್ದ, ಮಣ್ಣಿಗೆ ಮುಟ್ಟಲಿಲ್ಲ. ತಾಯಿ ಮಾಣಿಕಮ್ಮನೇ ಹೇಳಿ ಕಳಿಸಿದಳು: "ಎಲ್ಲಾರಿಗೂ ಬಾರಸ್ತಿಯಲ್ಲ, ನಮ್ಮ ಮಾಲಕರಿಗೂ ಅದನ್ನೇ ಬಾರಸಪ್ಪ." ಬಾರಿಸಿದ. ಸುಳ್ಳು ಯಾಕೆ ಹೇಳಬೇಕು, ಆ ದಿನ ಅಮೀರ್ ಅಲಿಗೆ ಸಂತೋಷವೇ ಆಯಿತು. ಮುದುಕ ಅವನಿಗೆ ಕೆಟ್ಟದ್ದು ಮಾಡಿದವನಲ್ಲ. ಆದರೂ ಆಯಿತು.

ಎಪ್ಪತ್ತೊಂಬತ್ತರ ದೀಪಾವಳಿಗೆ ರಾಯ ತನ್ನ ತಂಡ ಕಟ್ಟಿಕೊಂಡು ಶಹಾಬಾದಿಗೆ ಬಂದ. ಹುಟ್ಟಿದೂರಲ್ಲಿ ಒಂದು ಪುಕ್ಕಟೆ ಕಾರ್ಯಕ್ರಮ. ಇಳಿಹೊತ್ತಿಗೆ ಶಾಲೆಯ ಬಯಲು ತುಂಬಿತು. ಗಣಿಯ ಮಂದಿ, ಕಾರ್ಖಾನೆಯ ಮಂದಿ, ಹಳ್ಳಿಯ ಮಂದಿ, ನಡುನಡುವೆ ಚುರುಮುರಿ ಮಾರುವವರು. ಮುಂದಿನ ಸಾಲಿನಲ್ಲಿ ಮಾಣಿಕಮ್ಮ. ಅಮೀರ್ ಅಲಿ ತನ್ನ ಬ್ಯಾಂಡಿನವರೊಂದಿಗೆ ಬೇಲಿಯ ಬದಿಗೆ ನಿಂತಿದ್ದ. ತಾಜುನ್ನಿಸಾಳನ್ನೂ ಕರೆತಂದಿದ್ದ. ಅವಳು ಹೆಂಗಸರ ಕಡೆ ಕುಳಿತಿದ್ದಳು.

ಮೂರು ಹಾಡಿಗೆ ಜನ ಕುಣಿದರು. "ಈಗ ನನ್ನ ಆಲ್ಬಮ್ಮಿನ ಎಲ್ಲಾದಕಿಂತ ಚಂದದ ಹಾಡು" ಎಂದು ರಾಯ ಗಿಟಾರು ಎತ್ತಿದ.

ಮೊದಲ ಸಾಲು ಓಡಿ ಬಂದು ನಿಂತಿತು. ಬಯಲೂ ನಿಂತಿತು. ಮುದುಕರು ಒಬ್ಬೊಬ್ಬರಾಗಿ ಎದ್ದು ರುಮಾಲು ತೆಗೆದರು. ರಸ್ತೆಯ ಅಂಗಡಿಯವನು ಅಭ್ಯಾಸಬಲದಿಂದ ಬಾಗಿಲು ಎಳೆದ. "ಯಾರು ಹೋದ್ರವಾ?" ಎಂದು ಹೆಂಗಸೊಬ್ಬಳು ಕೇಳಿದಳು. ಇನ್ನೊಬ್ಬಳು ಉತ್ತರಕ್ಕೂ ಕಾಯದೆ ಸೆರಗಿನಲ್ಲಿ ಮುಖ ಮುಚ್ಚಿ ಅಳತೊಡಗಿದಳು. ರಾಯನಿಗೆ ಏನೂ ತಿಳಿಯದು. ತನ್ನ ಹಾಡಿಗೆ ಜನ ಕರಗಿದರೆಂದು ಕಣ್ಣು ಮುಚ್ಚಿ ಹಾಡಿದ. ಆಗ ಯಾವಳೋ ಮುದುಕಿ ಕೈ ಮುಗಿದು ಒಂದು ಮುಷ್ಟಿ ಚುರುಮುರಿಯನ್ನು ವೇದಿಕೆಯತ್ತ ತೂರಿದಳು. ಒಬ್ಬರು ತೂರಿದರೆ ಮುಗಿಯಿತು, ನಾಲ್ಕೂ ಕಡೆಯಿಂದ ಬಿತ್ತು. ರಾಯನ ಉದ್ದ ಕೂದಲು ಬೆಳ್ಳಗಾಯಿತು.

"ಜೀವಂತ ಮಗನ ಮ್ಯಾಲ ಚುರುಮುರಿ ತೂರ್ತೀರೇನ್ರೇ!" ಮಾಣಿಕಮ್ಮ ಚೀರುತ್ತ ವೇದಿಕೆಯ ಬುಡಕ್ಕೆ ಓಡಿದಳು. "ಬಿಡೋ ಆ ಹಾಡು! ಅದು ಹೆಣದ ಹಾಡು ಅದ. ನಿಮ್ಮಪ್ಪನ್ನ ಅದೇ ಹಾಡಿಲೇ ಮಣ್ಣು ಮಾಡೀವಿ!"

ಗಿಟಾರು ನಿಂತಿತು. ಮಾಡಿದ್ದುಣ್ಣೋ ಮಹಾರಾಯ ಎಂದು ಅಂಬರಾಯ ಬಾಯಿಗೆ ಕೈ ಒತ್ತಿ ನಕ್ಕ. ರಾಯ ಬೆವರಿದ. ಬೇಲಿಯ ಬದಿಯಲ್ಲಿ ನಿಂತವನನ್ನು ಕಂಡ. ಮೈಕು ಹಿಡಿದು ಕೂಗಿದ:

"ಇದು ನಂದಲ್ರಿ! ನಾ ಮಾಡಿದ್ದಲ್ಲ! ಅಮೀರ್ ಅಲಿದು ಅದ, ಅಲ್ಲೇ ನಿಂತಾನ, ಕೇಳ್ರಿ ಅವನ್ನ!"

ನಾಲ್ಕು ವರ್ಷ ಹಲ್ಲು ಕಚ್ಚಿ ಕಾಯ್ದ ಮಾತು ಧ್ವನಿವರ್ಧಕದಲ್ಲಿ ಬಂತು. ಊರಿಗೆ ಊರೇ ತಿರುಗಿ ನೋಡಿತು. ತಾಜುನ್ನಿಸಾ ಬುರ್ಖಾದ ಮುಸುಕು ಎತ್ತಿದಳು. ಅವಳ ಮುಖ ಅರಳಿತ್ತು. ಹೌದು ಎಂದರೆ ಸಾಕಿತ್ತು.

ಆದರೆ ಅಮೀರ್ ಅಲಿ ರಾಯನ ಮುಖ ನೋಡಿದ. ಅಲ್ಲಿ ನಾಚಿಕೆ ಇರಲಿಲ್ಲ. ತಲೆಯ ಮೇಲಿನ ಹೊರೆ ಇನ್ನೊಬ್ಬನ ತಲೆಗೆ ದಾಟಿಸಿದವನ ಸಮಾಧಾನ ಇತ್ತು. ಚೆಂದ ಇದ್ದಾಗ ನಿನ್ನದು, ಹೆಣ ಆದಮೇಲೆ ನನ್ನದೋ?

"ತೌಬಾ ತೌಬಾ!" ಎಂದು ಕೆನ್ನೆ ಬಡಿದುಕೊಂಡ. ದನಿ ಬಯಲಿನ ಆಚೆ ತುದಿಗೂ ಮುಟ್ಟಿತು. "ನಂದ್ಯಾಕ ಆಗತದ್ರಿ? ರೆಕಾರ್ಡಿನ ಮ್ಯಾಲ ರಾಯರ ಹೆಸರೇ ಅದ. ನಾ ಬ್ಯಾಂಡಿನಾಂವ. ಅವರು ಮಾಡಿದ ಹಾಡನ್ನೇ ನಾವು ಹೆಣದ ಮುಂದ ಬಾರಸಾಕತ್ತೀವಿ. ಖುದಾನ ಆಣಿ, ನಂದಲ್ಲ."

ಮಾಣಿಕಮ್ಮ ಮಗನ ಮುಖವನ್ನೇ ನೋಡುತ್ತ ನೆಲದ ಮೇಲೆ ಕುಸಿದಳು. "ನಿಮ್ಮಪ್ಪನ್ನ ನಿನ್ನ ಹಾಡಿಲೇ ಕಳಿಸಿದೆನೇನೋ" ಎಂದಳು. ರಾಯ ವೇದಿಕೆಯ ಹಿಂದಕ್ಕೆ ಇಳಿದು ಹೋದ. ಜನ ಗುಜುಗುಜು ಎನ್ನುತ್ತ ಚದುರಿದರು. ಆ ಸಂಜೆಯಿಂದ ಆ ಸೀಮೆಯಲ್ಲಿ ಅದಕ್ಕೆ ರಾಯರ ಹೆಣದ ಹಾಡು ಎಂದೇ ಹೆಸರಾಯಿತು.

ಬ್ಯಾಂಡಿನವರು ಅಮೀರ್ ಅಲಿಯನ್ನು ಎತ್ತಿ ಕುಣಿದರು. ಅವನೂ ಕುಣಿದ. ಕುಣಿದು ಬೆವರೊರೆಸಿಕೊಂಡು ನೋಡಿದರೆ ತಾಜುನ್ನಿಸಾ ಆಗಲೇ ರಸ್ತೆ ಹಿಡಿದಿದ್ದಳು. ಓಡಿ ಹೋಗಿ ಜೊತೆಗೂಡಿದ.

"ಕೇಳಿದೇನು? ಮೈಕಿನ್ಯಾಗ ಒಪ್ಪಿದ!"

"ಕೇಳೀನಿ. ನೀವು ಆಣಿ ಹಾಕಿದ್ದೂ ಕೇಳೀನಿ."

ಅವನು ನಕ್ಕ. ಅವಳು ನಗಲಿಲ್ಲ. ನಡೆಯುವುದನ್ನು ನಿಲ್ಲಿಸಿ ಅವನ ಕಡೆ ತಿರುಗಿದಳು.

"ಹಂಗಾದ್ರ ಕೊಡ್ಲ್ಯಾಗ ನಮ್ಮಪ್ಪನ ಮನಿ ಮುಂದ ನಿಂತು ನನಗ ಕೊಟ್ಟಿದ್ದು ಯಾರ ಹಾಡರಿ?"

ಅವಳು ಮುಸುಕು ಇಳಿಸಿಕೊಂಡು ಮುಂದೆ ನಡೆದಳು.