ನಲವತ್ತೊಂದು ಮನೆಗೆ ಒಂದು ಹಾಳೆ

ಹಸಿರು ಗೆರೆಗಳು ಮಂಜಾಗಿವೆ, ಇನ್ನೊಂದಿಷ್ಟು ತಿರುಗಿಸಬೇಕು, ಈಗ ಕೂಡಿದವು, ಥೂ ಮತ್ತೆ ಒಡೆದವು — ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜಿನ ಪವರ್ ಅಳೆಯುವ ಯಂತ್ರಕ್ಕೆ ಒಂದು ಕಣ್ಣು ಕೊಟ್ಟು ಇನ್ನೊಂದು ಮುಚ್ಚಿ ಅವನು ಕೂತಿದ್ದ, ಹದಿನಾಲ್ಕು ವರ್ಷದಿಂದ ಇದೇ ಸ್ಟೂಲು, ಇದೇ ಗೆರೆ, ಗೆರೆ ಚೂಪಾದರೆ ಗಾಜು ಸರಿ, ನಡುವಿಗೆ ಕೆಂಪು ಪೆನ್ಸಿಲ್ಲಿನಿಂದ ಒಂದು ಚುಕ್ಕೆ, ಮುಂದಿನದು. ಹತ್ತು ತಿಂಗಳಿಂದ ಕೈ ತನ್ನಷ್ಟಕ್ಕೆ ತಾನೇ ಮಾಡುತ್ತದೆ, ಅವನು ಪಕ್ಕದಲ್ಲಿ ಕೂತು ನೋಡುತ್ತಿರುತ್ತಾನೆ ಅಷ್ಟೆ, ಯಾರದೋ ಕೈ, ಯಾರದೋ ಕೆಲಸ. ಪೆನ್ಸಿಲ್ಲಿನ ಹಿಂತುದಿ ಬೆರಳಿಗೆ ಒರಟಾಗಿ ತಗುಲಿತು, ಕಚ್ಚಿದ ಗುರುತು, ಸಣ್ಣ ಸಣ್ಣ ಗುಳಿ, ಸಾಲಿನ ನಡುವೆ ಒಂದು ಗುಳಿಯಷ್ಟು ಜಾಗ ಮಾತ್ರ ನುಣ್ಣಗೆ — ನೋಡಬೇಡ, ಗೆರೆ ನೋಡು. ಫೋನು ಮೇಜಿನ ಮೇಲೆ ಗುರುಗುಟ್ಟಿತು, ಚಿಕ್ಕಮ್ಮ, ಅಮ್ಮನ ಕೊನೇ ತಂಗಿ, ಬೆಳಿಗ್ಗೆ ಹತ್ತೂವರೆಗೆ ಇವಳಿಗೇನಾಯಿತು, ಓ, ಹಾಳೆ ತಲುಪಿರಬೇಕು, ಗುರುವಾರ ಅಂಚೆಗೆ ಹಾಕಿದ್ದು, ಇವತ್ತು ಸೋಮವಾರ. ಬಂತು ಕಣೋ ಗೆಜೆಟ್ಟು, ಈಗಷ್ಟೇ ಒಡೆದೆ, ಅಂದಳು, ಅಲ್ಲ, ನಿಮ್ಮ ಸೋದರಮಾವ ಆರನೇ ಸಲಕ್ಕೆ ಡ್ರೈವಿಂಗ್ ಪಾಸಾದ್ನಂತಲ್ಲೋ, ಇನ್ನು ರಸ್ತೆ ಮೇಲೆ ಓಡಾಡೋರು ದೇವರ ಮೇಲೆ ಭಾರ ಹಾಕಬೇಕು ಅಷ್ಟೆ, ಎಂದು ನಕ್ಕಳು, ಅವನೂ ನಕ್ಕಂತೆ ಒಂದು ಸದ್ದು ಮಾಡಿದ, ಅದು ಸರಿಯಾಗಿಯೇ ಬಂತು. ಆಮೇಲೆ ಚಿಕ್ಕಮ್ಮ ಸುಮ್ಮನಾದಳು, ಚಿಕ್ಕಮ್ಮ, ಹಲ್ಲು ಕೀಳಿಸಿಕೊಳ್ಳುವಾಗಲೂ ಡಾಕ್ಟರ ಜೊತೆ ಮಾತು ನಿಲ್ಲಿಸದವಳು. ಹೊತ್ತೊತ್ತಿಗೆ ಊಟ ಮಾಡ್ತಿದೀಯಾ ಕಂದ. ಹ್ಞೂಂ. ಅವಳು, ನಿನ್ನ ಹೆಂಡ್ತಿ. ಮಾಡ್ತಾಳೆ. ಯಾರೂ ಏನೂ ಅಂದ್ಕೊಳಲ್ಲ ಬಿಡು, ನೀನು ಮನಸ್ಸಿಗೆ ಹಚ್ಕೋಬೇಡ, ಅಂದು ಇಟ್ಟೇಬಿಟ್ಟಳು. ಏನು ಅಂದುಕೊಳ್ಳುವುದಿಲ್ಲ, ಯಾರು, ಯಾತಕ್ಕೆ ಅಂದುಕೊಳ್ಳಬೇಕು, ಗೆರೆ ಕೂಡಿತು, ಚುಕ್ಕೆ ಇಟ್ಟ, ಮುಂದಿನದು.

ಗೆಜೆಟ್ಟು ಅನ್ನುವುದು ಅವನಿಗೆ ದೊಡ್ಡಪ್ಪನಿಂದ ಬಂದ ಆಸ್ತಿ. ಅಂಚೆಯಲ್ಲಿ ಮೂವತ್ತೆಂಟು ವರ್ಷ ಕಾಗದ ವಿಂಗಡಿಸಿದ ದೊಡ್ಡಪ್ಪ, ಊರೂರಿಗೆ ಚೆದುರಿದ ಇಷ್ಟು ದೊಡ್ಡ ಸಂಸಾರಕ್ಕೆ ವರ್ಷಕ್ಕೊಂದು ಹಾಳೆ ಹೊರಡಿಸುತ್ತಿದ್ದರು, ಮನೆಗೆ ಮೂರು ಸಾಲು, ಯಾರು ಪಾಸು, ಯಾರಿಗೆ ಮದುವೆ ಗೊತ್ತಾಯಿತು, ಯಾರಿಗೆ ಅವಳಿ, ಯಾವ ಭಾವ ಹನ್ನೊಂದನೇ ಸಲ ಸಿಗರೇಟು ಬಿಟ್ಟ. ಕಣ್ಣು ಮಂಜಾದಾಗ ಇವನನ್ನು ಕರೆದು, ಊರವರಿಗೆಲ್ಲ ಕಣ್ಣು ಕೊಡೋನು ನೀನು, ಇದನ್ನೂ ನೋಡ್ಕೋ, ಅಂದರು, ನಿಯಮಗಳನ್ನೂ ಒಪ್ಪಿಸಿದರು. ಬರೀ ಸಿಹಿ ಸುದ್ದಿ, ಸಾವು ನೋವಿಗೆ ಫೋನಿದೆ. ದೊಡ್ಡವರ ವಯಸ್ಸು ಹಾಕ್ಬೇಡ, ನಿಮ್ಮ ಅತ್ತೆ ದೊಣ್ಣೆ ಹಿಡ್ಕೊಂಡು ಬರ್ತಾಳೆ, ಮಕ್ಕಳ ವಯಸ್ಸು ಮಾತ್ರ ಹಾಕ್ಲೇಬೇಕು, ಅವು ಮೊದಲು ಅದನ್ನೇ ಹುಡುಕೋದು. ಹೋದವರ ಹೆಸರು ಮುಂದಿನ ವರ್ಷ ಸದ್ದಿಲ್ಲದೆ ತೆಗೆ. ನಿನ್ನ ಮನೆಗೂ ಒಂದು ಅಂಚೆಗೆ ಹಾಕ್ಕೋ, ಅದು ಬಂತು ಅಂದ್ರೆ ಎಲ್ಲರಿಗೂ ಮುಟ್ಟಿದೆ ಅಂತ ಲೆಕ್ಕ. ಫೋನಿನಲ್ಲೇ ಕಳಿಸಬಹುದಲ್ಲ ದೊಡ್ಡಪ್ಪ, ಅಂದರೆ, ಫೋನಲ್ಲಿ ಓದಿದ್ದು ಹೆಬ್ಬೆರಳಿಗೆ, ಕಾಗದದಲ್ಲಿ ಓದಿದ್ದು ಮನೆಗೆ, ಅಂದುಬಿಟ್ಟರು, ಆಮೇಲೆ ಯಾರೂ ಕೇಳಲಿಲ್ಲ. ಮೊದಲು ವಯಸ್ಸು ಮುಗಿಸು, ಆಮೇಲೆ ಸುದ್ದಿ, ಅನ್ನುವುದೂ ಅವರದೇ, ಹಳೇ ಹಾಳೆ ಎದುರಿಗಿಟ್ಟುಕೊಂಡು ಮೇಲಿಂದ ಕೆಳಕ್ಕೆ ಎಲ್ಲ ಮಕ್ಕಳಿಗೂ ಒಂದೊಂದು ಏರಿಸುತ್ತ ಬರುವುದು, ನಾಲ್ಕಿದ್ದದ್ದು ಐದು, ಹನ್ನೊಂದಿದ್ದದ್ದು ಹನ್ನೆರಡು, ಐವತ್ತಮೂರು ಮಕ್ಕಳು, ಒಂದು ಟೀ ಕುಡಿಯುವಷ್ಟು ಹೊತ್ತಿನ ಕೆಲಸ. ಹೋದ ವರ್ಷ ಹೀಗೆ ಏರಿಸುತ್ತಿದ್ದಾಗ ಮೊಣಕೈ ಹತ್ತಿರ ಒಂದು ತಲೆ ಬಂದು ನಿಂತಿತ್ತು, ಬಾಯಲ್ಲಿ ಅವನದೇ ಕೆಂಪು ಪೆನ್ಸಿಲ್ಲು, ಪೆನ್ಸಿಲ್ಲು ಕಡಿದು ಕಡಿದೇ ಇಲಿಮರಿ ಅಂತ ಹೆಸರು ಬಿದ್ದದ್ದು ಅವಳಿಗೆ. ನಂದು ಏನು ಹಾಕ್ತೀಯಾ ಅಪ್ಪ. ಏಳು ವರ್ಷ ಅಂತ. ಅಷ್ಟೇನಾ, ಹಲ್ಲು ಬಿತ್ತು ಅಂತ ಹಾಕು, ಮುಂದಿನದು, ನಾನೇ ಕಿತ್ಕೊಂಡೆ ಅಂತ ಹಾಕು. ಹಾಕಿದ. ನಲವತ್ತು ಮನೆಯಿಂದ ಫೋನು, ಇಲಿಮರಿ ಹಲ್ಲು ಬಿತ್ತಂತೆ, ಇನ್ನು ಪೆನ್ಸಿಲ್ಲು ಬಚಾವಾಯ್ತು, ಅವಳು ಒಬ್ಬೊಬ್ಬರಿಗೂ ಮೊದಲ ಸಲ ಎಂಬಂತೆ ಹೇಳಿದಳು, ರಕ್ತ ಬಂತು, ನಾನು ಅಳ್ಲಿಲ್ಲ.

ಫೋನಿನಲ್ಲಿ ಸಂಸಾರದ ವಾಟ್ಸಾಪ್ ಗುಂಪು ತೆಗೆದು ನೋಡಿದ, ಪ್ರತಿವರ್ಷ ಹಾಳೆ ಬಂದ ದಿನ ಅಲ್ಲಿ ಸಂತೆ, ಒಬ್ಬರ ಕಾಲು ಇನ್ನೊಬ್ಬರು ಎಳೆಯುವುದೇ, ಇವತ್ತು ಒಂದೂ ಇಲ್ಲ, ನಿನ್ನೆ ಯಾರೋ ಕಳಿಸಿದ ಶುಭೋದಯದ ಹೂವೊಂದು ಹಾಗೇ ನಿಂತಿದೆ. ಸೋದರಮಾವನ ಡ್ರೈವಿಂಗ್ ಬಗ್ಗೆಯೂ ಇಲ್ಲ. ನಲವತ್ತು ಮನೆಯ ಬಾಯಿಗೆ ಒಟ್ಟಿಗೆ ಬೀಗ ಬಿದ್ದದ್ದು ಹೇಗೆ ಅನ್ನುತ್ತಲೇ ಕೈ ಅಂಗಡಿಯ ಕಂಪ್ಯೂಟರಿನಲ್ಲಿ ಹಾಳೆಯನ್ನು ತೆರೆದಿತ್ತು, ಮೇಲಿಂದ ಕೆಳಕ್ಕೆ ಬಂತು, ದೊಡ್ಡಪ್ಪನ ಮನೆ, ಅತ್ತೆಯ ಮನೆ, ಅವಳಿಗಳು ಎರಡು ವರ್ಷ, ಕೊನೆಗೆ ತನ್ನದು, ಹಾಳೆ ಬರೆಯುವವನ ಮನೆ ಯಾವತ್ತೂ ಕೊನೆಗೆ. ಅಂಗಡಿಯಲ್ಲಿ ಹೊಸ ಯಂತ್ರ ಬಂದಿದೆ. ಮಗಳು — ಎಂಟು ವರ್ಷ. ಓದಿದ. ಇನ್ನೊಮ್ಮೆ ಓದಿದ. ದಿನವಿಡೀ ಇರುವೆಗಾತ್ರದ ಅಕ್ಷರ ಓದಿಸುವವನು, ಇದು ಕಾಣುತ್ತಾ ಅಜ್ಜಿ, ಈಗ, ಈಗ, ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ ಇರಬೇಕು. ಹೇಗಾಯಿತು ಅನ್ನುವುದು ಗೊತ್ತು, ಎಲ್ಲ ನೆನಪಿದೆ, ನೆನಪಿಗೇನೂ ಆಗಿಲ್ಲ. ಅವತ್ತೂ ಕೈ ಮೇಲಿಂದ ಏರಿಸುತ್ತ ಬಂದಿತ್ತು, ಆರು ಏಳಾಯಿತು, ಏಳು ಎಂಟಾಯಿತು, ನಿಲ್ಲಲಿಲ್ಲ, ಆಮೇಲೆ ತನ್ನ ಮನೆಯ ಮೂರು ಸಾಲಿಗೆ ಬಂದಾಗ ಹಲ್ಲು ಬಿತ್ತು, ತಾನೇ ಕಿತ್ತುಕೊಂಡಳು ಅನ್ನುವ ಸಾಲು ಕಂಡಿತು, ಅದನ್ನು ಅಳಿಸಿದ, ಕಣ್ಣು ಮುಚ್ಚಿಕೊಂಡು ಅಳಿಸಿದ, ಆ ಒಂದು ಸಾಲು ಹೋದದ್ದೇ ಎಲ್ಲ ಅಳಿಸಿದ ಹಾಗಾಯಿತು, ಮುಗಿಯಿತು ಅಂದುಕೊಂಡ, ಎದ್ದು ಕೈ ತೊಳೆದ. ಮಡಿಸುವಾಗ ಅಕ್ಷರ ಒಳಗೆ ಹೋಗುತ್ತದೆ, ಕಾಣುವುದು ಬೆನ್ನು ಮಾತ್ರ. ಈಗ ಅಳು ಬರಬೇಕು, ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದ, ಬಸ್ಸು ಕಾದಂತೆ, ಬರಲಿಲ್ಲ, ಒಣಗಿದ ಹಲಗೆಯ ಹಾಗೆ ಎದೆ ಸುಮ್ಮನೆ ಬಿದ್ದಿತ್ತು. ಮುಂಗಟ್ಟಿನಿಂದ ಯಜಮಾನರು, ಆ ಟೀಚರಮ್ಮನ ಬೈಫೋಕಲ್ಲು ಆಯ್ತೇನಪ್ಪ, ಅಂದರು, ಆಯ್ತು ಸಾರ್, ಅಂದ, ಆಗಿತ್ತು ಕೂಡ. ಆಗಲೇ ಹೊಳೆದದ್ದು — ನಿನ್ನ ಮನೆಗೂ ಒಂದು ಹಾಕ್ಕೋ. ಗುರುವಾರ ಒಟ್ಟಿಗೇ ಡಬ್ಬಿಗೆ ಬಿದ್ದದ್ದು. ಪೋಸ್ಟಿನವನು ಅವರ ಬೀದಿಗೆ ಬರುವುದು ಹನ್ನೊಂದರ ಹೊತ್ತಿಗೆ. ಬಾಗಿಲು ತೆಗೆಯುವುದು ಹೆಂಡತಿ.

ಸಾರ್, ಅರ್ಧ ಗಂಟೆ ಮನೆಗೆ ಹೋಗ್ಬರ್ತೀನಿ, ಅಂದ, ಯಜಮಾನರು ಯಾಕೆ ಅನ್ನಲಿಲ್ಲ, ಹತ್ತು ತಿಂಗಳಿಂದ ಯಾರೂ ಅವನನ್ನು ಯಾಕೆ ಅನ್ನುವುದಿಲ್ಲ. ಗಡಿಯಾರ ರಿಪೇರಿ, ಬೀಗದ ಅಂಗಡಿ, ಇಸ್ತ್ರಿಯವನ ಕಿಟಕಿಯಿಂದ ಬಿಸಿ ಬಟ್ಟೆಯ ವಾಸನೆ, ಕಾಲುಗಳು ಬೇಗ ಬೇಗ ಹೋಗುತ್ತಿವೆ, ಅವಳ ಕೈಗೆ ಸಿಗುವ ಮೊದಲು ಲಕೋಟೆ ತನ್ನ ಕೈಗೆ ಸಿಗಬೇಕು, ಅಷ್ಟೆ, ಬೇರೇನೂ ಬೇಡ. ಅವಳು ಆ ಹೆಸರನ್ನು ಬಾಯಿಗೆ ತಂದಿಲ್ಲ, ನಾಲ್ಕು ದಿನದ ಜ್ವರ ಮಗಳ ಜೊತೆಗೇ ಮುಗಿದ ಆ ಬೆಳಿಗ್ಗೆಯಿಂದ ಒಂದು ಸಲವೂ ಇಲ್ಲ, ಅವನೂ ತಂದಿಲ್ಲ, ಮನೆಯಲ್ಲಿ ಮಾತೇನೋ ನಡೆಯುತ್ತದೆ, ಗ್ಯಾಸು ಬಂತಾ, ಕರೆಂಟು ಬಿಲ್ಲು ಎಲ್ಲಿ, ಗುಂಡಿಯ ಸುತ್ತ ನಡೆದುಕೊಂಡು ಹೋಗುವವರ ಹಾಗೆ ಇಬ್ಬರೂ, ಅಂಥದರಲ್ಲಿ ಗಂಡನೇ ಅಚ್ಚು ಹಾಕಿಸಿ ಅಂಚೆಯಲ್ಲಿ ಕಳಿಸಿದ್ದಾನೆ, ಮಗಳು, ಎಂಟು ವರ್ಷ. ಜೇಬಿನಲ್ಲಿ ಫೋನು, ದೊಡ್ಡಪ್ಪ. ಸೊಸೆ ಓದಿ ಹೇಳ್ತಿದ್ಲು ಕಣೋ, ನಿನ್ನ ಮನೆ ಬಂದಾಗ ನಿಲ್ಲಿಸಿಬಿಟ್ಲು, ಯಾಕಮ್ಮ ಅಂದೆ, ಏನಿಲ್ಲ ಮಾವ ಅಂದ್ಲು, ಗದರಿಸಿ ಓದಿಸಿದೆ. ತಪ್ಪು ನಂದು, ವಯಸ್ಸು ಏರಿಸ್ಕೊಂಡು ಹೋಗು ಅಂತ ಕಲಿಸ್ದೋನು ನಾನು, ಎಲ್ಲಿ ನಿಲ್ಲಿಸ್ಬೇಕು ಅಂತ ಕಲಿಸ್ಲಿಲ್ಲ. ಇರಲಿ ದೊಡ್ಡಪ್ಪ. ಏನಿರಲಿ, ಎಂದವರು ಮುದಿ ದನಿಯಲ್ಲಿ ಅತ್ತರು, ಅವನು ಸಿಗ್ನಲ್ಲಿನಲ್ಲಿ ನಿಂತು ಆ ಅಳುವನ್ನು ಕೇಳಿಸಿಕೊಂಡ, ಕೆಂಪು, ಹಳದಿ, ಹಸಿರು, ಪಾಪ, ಅಳುವುದಕ್ಕೂ ಆಗುತ್ತದೆ ಅವರಿಗೆ. ಪ್ರೆಸ್ಸಿನವರು ತಪ್ಪು ಮಾಡಿದರು ಅನ್ನಬಹುದು, ಹಳೇ ಫೈಲು ಹೋಗಿಬಿಟ್ಟಿತು ಅನ್ನಬಹುದು, ಬಾಯಲ್ಲಿ ಒಂದೊಂದನ್ನೂ ಇಟ್ಟು ನೋಡಿದ, ಯಾವುದೂ ಕೂರಲಿಲ್ಲ. ಜ್ವರಕ್ಕೆ ಒಂದು ವಾರ ಮುಂಚೆ ಮಗಳು ಸ್ಕೂಲಿನಿಂದ ನೇರ ಅಂಗಡಿಗೆ ಬಂದಿದ್ದಳು, ಬ್ಯಾಗೂ ಇಳಿಸದೆ, ಅಪ್ಪ ನಿನ್ನ ಭೂತಗನ್ನಡಿ ತಾ, ಇಲ್ಲಿ ನೋಡು, ಎಂದು ದೀಪದ ಕೆಳಗೆ ಬಾಯಿ ತೆರೆದು ಆ ಅಂದಳು, ಅವನು ಕಣ್ಣಿಗೆ ಮಸೂರ ಸಿಕ್ಕಿಸಿ ಬಗ್ಗಿದ, ಕೆಂಪು ಒಸಡು ಸೀಳಿಕೊಂಡು ಅಕ್ಕಿ ನುಚ್ಚಿನಷ್ಟು ಬಿಳಿ, ಅಂಚು ನೇರವಾಗಿಲ್ಲ, ಗರಗಸದ ಹಾಗೆ ಮೂರು ಪುಟ್ಟ ಮೊನೆ. ಬಂತಾ ಅಪ್ಪ. ಬಂತು ಇಲಿಮರಿ. ಹಾಳೇಲಿ ಹಾಕು. ಈ ವರ್ಷದ್ದು ಹೋಯ್ತಲ್ಲ ಕಂದ, ಮುಂದಿನ ವರ್ಷ ಹಾಕ್ತೀನಿ, ಅಷ್ಟೊತ್ತಿಗೆ ಪೂರ್ತಿ ಬಂದಿರುತ್ತೆ. ಮರೀಬೇಡ ಮತ್ತೆ. ಮರೀತೀನಾ.

ಮೆಟ್ಟಿಲ ಬುಡದ ಅಂಚೆ ಡಬ್ಬಿ ಖಾಲಿ. ಕೈ ಒಳಗೆ ಹಾಕಿ ಮೂಲೆಯನ್ನೂ ತಡಕಿದ, ತಗಡು ತಣ್ಣಗಿತ್ತು. ಎರಡನೇ ಮಹಡಿ, ಬಾಗಿಲಿಗೆ ಚಿಲಕ ಹಾಕಿಲ್ಲ, ಅವಳು ಊಟದ ಮೇಜಿನ ಹತ್ತಿರ ಕೂತಿದ್ದಳು, ಎದುರಿಗೆ ಲಕೋಟೆ, ಹರಿದದ್ದಲ್ಲ, ಚಾಕುವಿನಿಂದ ನೀಟಾಗಿ ಬಿಡಿಸಿದ್ದು, ಹಾಳೆ ಹರವಿದೆ, ಎರಡು ಮೂಲೆ ಏಳದಂತೆ ಲೋಟ ಇಟ್ಟಿದ್ದಾಳೆ. ಇಷ್ಟು ಬೇಗ ಬಂದ್ರಾ, ಅಂದಳು. ಹ್ಞೂಂ. ಹಾಳೆ ಬಂತು. ನೋಡ್ದೆ, ಅಂದ, ಏನು ನೋಡಿದ ಅನ್ನುವುದು ಅವನಿಗೇ ತಿಳಿಯಲಿಲ್ಲ, ಪ್ರೆಸ್ಸಿನವರು ಅನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಒಣಗಿತು. ನನ್ನ ಕೈಯಿಂದಲೇ ಆಯ್ತು, ಬೇರೆ ಮಾಡಿಸ್ತೀನಿ, ತಿದ್ದಿ ಎಲ್ಲರಿಗೂ ಇನ್ನೊಂದು ಕಳಿಸ್ತೀನಿ. ಅವಳು ತಲೆ ಎತ್ತಿದಳು, ಕಣ್ಣು ಒಣಗಿಯೇ ಇತ್ತು, ಅವನದರ ಹಾಗೆಯೇ. ಏನಂತ ತಿದ್ತೀರಿ, ಸರಿಯಾಗೇ ಇದೆಯಲ್ಲ, ಹೋದ ಮಂಗಳವಾರಕ್ಕೆ ಎಂಟು ತುಂಬ್ತು. ಮಂಗಳವಾರ, ಮಂಗಳವಾರ ಅವಳು ಇಡೀ ದಿನ ಕಿಟಕಿಯ ಗಾಜು ಒರೆಸಿದ್ದಳು, ಅವನು ಅಂಗಡಿಯಲ್ಲಿ ಏಳೂವರೆವರೆಗೂ ಇದ್ದ, ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಅವಳ ಬೆರಳು ಆ ಸಾಲಿನ ಮೇಲಿಂದ ಕೆಳಗಿನ ಖಾಲಿಗೆ ಜಾರಿತು, ಅಲ್ಲಿ ನಿಂತಿತು. ಇದಲ್ಲ ರೀ ನಾನು ಕೇಳ್ತಿರೋದು, ಇಲ್ಲಿದ್ದದ್ದನ್ನ ಯಾಕೆ ತೆಗೆದ್ರಿ. ಯಾವುದು. ಹಲ್ಲಿಂದು. ಅದು ಹಳೇದು, ಹೋದ ವರ್ಷದ್ದು, ಅಂದ. ಹೊಸದು ಬಂದಿತ್ತಲ್ಲ, ಅಂದಳು, ಇಲಿಮರಿ ದಿನಾ ಕನ್ನಡಿ ಮುಂದೆ ನಿಂತು ಹೇಳ್ತಿದ್ಲು, ಅಪ್ಪ ಹಾಕ್ತೀನಿ ಅಂದಿದಾರೆ, ಎಲ್ಲರಿಗೂ ಗೊತ್ತಾಗುತ್ತೆ ಅಂತ — ಆ ಹೆಸರು ಅವಳ ಬಾಯಿಂದ ಬಂದು ಮೇಜಿನ ಮೇಲೆ ಬಿತ್ತು, ಲೋಟದ ಪಕ್ಕದಲ್ಲಿ, ಯಾರೂ ಎತ್ತಿಕೊಳ್ಳಲಿಲ್ಲ — ಅದು ಸಿಹಿ ಸುದ್ದಿ ಅಲ್ವಾ, ನಾವು ಯಾರಿಗೂ ಹೇಳ್ಲೇ ಇಲ್ಲ. ಅವನು ಕುರ್ಚಿ ಎಳೆದುಕೊಂಡು ಕೂತ. ಫೋನು ಗುರುಗುಟ್ಟಿತು, ನಿಂತಿತು, ಮತ್ತೆ ಗುರುಗುಟ್ಟಿತು, ಅತ್ತೆಯೋ ಸೋದರಮಾವನೋ, ನಲವತ್ತು ಮನೆ, ಒಬ್ಬರಿಗೂ ಗೊತ್ತಿಲ್ಲ, ಮರೀಬೇಡ ಮತ್ತೆ, ಮರೀತೀನಾ, ಮೇಲಂಗಿಯ ಜೇಬಿನಿಂದ ಕೈ ಕೆಂಪು ಪೆನ್ಸಿಲ್ಲು ತೆಗೆಯಿತು, ಹಾಳೆಯ ಖಾಲಿ ಜಾಗದ ಮೇಲೆ ತಂದು ಹಿಡಿಯಿತು, ಬರೆಯಿರಿ ಅಂದಳು ಅವಳು, ಬೆರಳಿನ ಕೆಳಗೆ ಗುಳಿ, ಗುಳಿ, ಆಮೇಲೆ ನುಣುಪು, ಇಷ್ಟೇ ಇಷ್ಟು ಜಾಗ, ಅಲ್ಲಿ ದೀಪದ ಕೆಳಗೆ ಬಾಯಿ ತೆರೆದಿದೆ, ಒಸಡು ಕೆಂಪಗಿದೆ, ಅಕ್ಕಿ ನುಚ್ಚಿನಷ್ಟು ಬಿಳಿ, ಮೂರು ಮೊನೆ, ಬಂತಾ ಅಪ್ಪ, ಬಂತು, ಮೂರು ಮೊನೆ, ಅಕ್ಕಿ ನುಚ್ಚಿನಷ್ಟು ಬಿಳಿ, ಅಷ್ಟೇ ಬಂದಿದೆ, ಅಷ್ಟೇ